ಫ್ರೀಬಿಎಸ್‌ಡಿ ಫಾಸ್ಟಾ, ಓಪನ್‌ಬಿಎಸ್‌ಡಿ ಸೇಫಾ? ಪಾಲಾದ ಅಣ್ಣತಮ್ಮಂದಿರ ಲೆಕ್ಕ

ಲಿನಕ್ಸ್ ಬಗ್ಗೆ ಮಾತಾಡಿದಾಗಲೆಲ್ಲ ನಿಮ್ಮಲ್ಲಿ ಒಬ್ಬರಾದರೂ ಕೇಳೋ ಪ್ರಶ್ನೆ ಇದು: "ಬಿಎಸ್‌ಡಿ ಅಂತ ಒಂದಿಷ್ಟು ಇವೆಯಲ್ಲ, ಅದರಲ್ಲಿ ಯಾವುದು ಫಾಸ್ಟು, ಯಾವುದು ಸೇಫು?" ಈ ಸಲದ ವಿಡಿಯೋ ಪೂರ್ತಿ ಅದರ ಮೇಲೆ. ಕೂತು ನೋಡಲು ಪುರುಸೊತ್ತಿಲ್ಲದವರಿಗೆ, ಆಫೀಸ್ ಬಸ್ಸಿನಲ್ಲಿ ಓದಿಕೊಳ್ಳುವವರಿಗೆ ಇದು ಅದರ ಬರಹ ರೂಪ. ಮಾತಿನಲ್ಲಿ ಅವಸರವಾಗಿ ದಾಟಿಸಿದ ಒಂದೆರಡು ಜಾಗವನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.

ಚುಟುಕು ಉತ್ತರ ನಿಮಗೂ ಗೊತ್ತಿರುತ್ತೆ. ಫ್ರೀಬಿಎಸ್‌ಡಿ ವೇಗಕ್ಕೆ, ಓಪನ್‌ಬಿಎಸ್‌ಡಿ ಭದ್ರತೆಗೆ, ನೆಟ್‌ಬಿಎಸ್‌ಡಿ ಎಲ್ಲಿ ಬೇಕಾದರೂ ಓಡುವುದಕ್ಕೆ. ಇಂಟರ್‌ವ್ಯೂನಲ್ಲಿ ಇಷ್ಟು ಹೇಳಿದರೆ ಪಾಸು. ಆದರೆ ನಿಜವಾದ ಜನರ ಡೇಟಾ ಇಟ್ಟುಕೊಂಡ ಮಷೀನಿಗೆ ಒಂದನ್ನು ಆರಿಸಬೇಕಾದಾಗ ಈ ಉತ್ತರ ಕೈಗೆ ಬರೋದಿಲ್ಲ. ವೇಗ ಎಲ್ಲಿಂದ ಬಂತು, ಭದ್ರತೆಗೆ ಯಾರು ಏನು ಬೆಲೆ ಕೊಟ್ಟರು ಅನ್ನೋದು ಗೊತ್ತಾಗದಿದ್ದರೆ, ಬೋರ್ಡು ನೋಡಿ ಹೋಟೆಲ್ ಒಳಗೆ ಹೋದ ಹಾಗೆ.

"ನಮಗೇನು ಸಂಬಂಧ ಗುರು, ನಾವು ಲಿನಕ್ಸ್ ಜನ" ಅಂತೀರಾ? ನೀವು ದಿನಾ ಸರ್ವರ್‌ಗೆ ಲಾಗಿನ್ ಆಗೋ ಓಪನ್‌ಎಸ್‌ಎಸ್‌ಎಚ್ ಬರೆದದ್ದು ಓಪನ್‌ಬಿಎಸ್‌ಡಿ ಜನ, 1999ರಲ್ಲಿ. ಆಫೀಸ್ ಕೊಟ್ಟ ಮ್ಯಾಕ್‌ಬುಕ್‌ನ ಕೆಳಪದರದಲ್ಲಿ ಬಿಎಸ್‌ಡಿ ಕೋಡ್ ಇದೆ, ಅದರ ಪ್ಯಾಕೆಟ್ ಫಿಲ್ಟರ್ ಪಿಎಫ್ ಕೂಡ ಮೂಲತಃ ಓಪನ್‌ಬಿಎಸ್‌ಡಿಯದು. ಆಂಡ್ರಾಯ್ಡ್ ಫೋನಿನ ಸಿ ಲೈಬ್ರರಿ ಬಯಾನಿಕ್‌ನಲ್ಲಿ ಬಿಎಸ್‌ಡಿಗಳಿಂದ ತಂದ ಕೋಡ್ ಬೇಕಾದಷ್ಟಿದೆ. ರಾತ್ರಿ ನೆಟ್‌ಫ್ಲಿಕ್ಸ್ ಹಚ್ಚಿದರೆ ವಿಡಿಯೋ ಕಳಿಸುವ ಪೆಟ್ಟಿಗೆಯಲ್ಲಿ ಓಡ್ತಿರೋದು ಫ್ರೀಬಿಎಸ್‌ಡಿ. ಪ್ಲೇಸ್ಟೇಷನ್ 4ರ ಒಳಗೂ ಅದೇ ವಂಶ.

ಮನೆ ಹೇಗೆ ಒಡೆಯಿತು

ಚಿಕ್ಕದಾಗಿ ಹೇಳ್ತೀನಿ. ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಯುನಿಕ್ಸ್ ಮೇಲೆ ಕಟ್ಟಿದ್ದು ಬಿಎಸ್‌ಡಿ. 1992ರಲ್ಲಿ ಅದನ್ನು ಇಂಟೆಲ್ 386 ಪಿಸಿಗೆ ತಂದು 386ಬಿಎಸ್‌ಡಿ ಅಂತ ಬಿಟ್ಟರು. ಅದರ ಸುಧಾರಣೆ ನಿಧಾನ ಆಯ್ತು ಅಂತ ತಾಳ್ಮೆ ಕಳೆದುಕೊಂಡ ಎರಡು ಗುಂಪು 1993ರಲ್ಲಿ ಬೇರೆ ಬೇರೆ ಹೊರಟವು: ನೆಟ್‌ಬಿಎಸ್‌ಡಿ, ಫ್ರೀಬಿಎಸ್‌ಡಿ. ನೆಟ್‌ಬಿಎಸ್‌ಡಿ ತಂಡದೊಳಗೆ ಜಗಳ ಆಗಿ ಥಿಯೋ ಡಿ ರಾಡ್ಟ್ ಹೊರಗೆ ಬಂದರು. ಕೆನಡಾದ ಕ್ಯಾಲ್ಗರಿಯಲ್ಲಿ ಕೂತು 1995ರಲ್ಲಿ ಓಪನ್‌ಬಿಎಸ್‌ಡಿ ಶುರು ಮಾಡಿದರು. 2003ರಲ್ಲಿ ಮ್ಯಾಟ್ ಡಿಲನ್ ಫ್ರೀಬಿಎಸ್‌ಡಿಯಿಂದ ಒಡೆದು ಡ್ರ್ಯಾಗನ್‌ಫ್ಲೈ ಮಾಡಿದರು. ಇದೇ ಹೊತ್ತಿನಲ್ಲಿ, 1992ರಿಂದ 1994ರವರೆಗೆ, ಬಿಎಸ್‌ಡಿ ಕೋಡಿನ ಹಕ್ಕಿನ ಮೇಲೆ ಕೋರ್ಟ್ ಕೇಸ್ ನಡೀತಿತ್ತು. ಆ ಸಂದಿಯಲ್ಲಿ ಲಿನಕ್ಸ್ ಬೆಳೆದು ನಿಂತಿತು ಅಂತ ಬಹಳ ಜನ ಹೇಳ್ತಾರೆ. ನನಗೂ ಹಾಗೇ ಅನ್ನಿಸುತ್ತೆ.

ನಮ್ಮ ಕಡೆ ಜಮೀನು ಪಾಲಾದ ಅಣ್ಣತಮ್ಮಂದಿರನ್ನು ನೋಡಿರ್ತೀರಿ. ಒಂದೇ ಮಣ್ಣು, ಒಂದೇ ಬಾವಿಯ ನೀರು. ಇಪ್ಪತ್ತು ವರ್ಷ ಬಿಟ್ಟು ಹೋಗಿ ನೋಡಿದರೆ ಒಬ್ಬನ ಹೊಲದಲ್ಲಿ ಕಬ್ಬು, ಇನ್ನೊಬ್ಬನದರಲ್ಲಿ ಸುತ್ತ ಗಟ್ಟಿ ಬೇಲಿ. ಬಿಎಸ್‌ಡಿಗಳ ಹೋಲಿಕೆ ಆಸಕ್ತಿಕರ ಆಗೋದು ಇದಕ್ಕೇ. ವಿಂಡೋಸನ್ನೂ ಲಿನಕ್ಸನ್ನೂ ಹೋಲಿಸಿದರೆ ಬುಡದಿಂದಲೇ ಬೇರೆ ಗಿಡಗಳು. ಇಲ್ಲಿ ಬುಡ ಒಂದೇ, ಹಾಗಾಗಿ ಇವತ್ತು ಕಾಣುವ ಹೆಚ್ಚುಕಡಿಮೆ ಪ್ರತಿ ವ್ಯತ್ಯಾಸವೂ ಯಾರೋ ಕೂತು ಮಾಡಿದ ತೀರ್ಮಾನ.

ಒಂದೇ ಕೆಲಸ, ಎದುರುಬದುರು ದಾರಿ

ಎಲ್ಲಕ್ಕಿಂತ ಚೆನ್ನಾದ ಉದಾಹರಣೆ ಟಿಎಲ್‌ಎಸ್. ಅಂದ್ರೆ ಎಚ್‌ಟಿಟಿಪಿಎಸ್‌ನ ಆ ಬೀಗದ ಗುರುತಿನ ಹಿಂದಿರೋ ಎನ್‌ಕ್ರಿಪ್ಶನ್.

ವಿಡಿಯೋ ಫೈಲ್ ಕಳಿಸೋ ಸರ್ವರ್ ಒಂದನ್ನು ನೆನೆಸಿಕೊಳ್ಳಿ. ಡಿಸ್ಕಿನಿಂದ ಓದು, ನೆಟ್‌ವರ್ಕಿಗೆ ಬರೆ, ಇಷ್ಟೇ ಕೆಲಸ. ದಡ್ಡ ರೀತಿಯಲ್ಲಿ ಮಾಡಿದರೆ ಪ್ರತಿ ಬೈಟೂ ಕರ್ನಲ್‌ನಿಂದ ನಿಮ್ಮ ಪ್ರೋಗ್ರಾಂಗೆ ಬಂದು, ಮತ್ತೆ ಕರ್ನಲ್‌ಗೆ ಕಾಪಿ ಆಗುತ್ತೆ. ಸೆಂಡ್‌ಫೈಲ್ ಅನ್ನೋ ಸಿಸ್ಟಮ್ ಕಾಲ್ ಈ ಸುತ್ತಾಟ ತಪ್ಪಿಸುತ್ತೆ: "ಈ ಫೈಲನ್ನು ಆ ಸಾಕೆಟ್‌ಗೆ ಹಾಕು" ಅಂತ ಹೇಳಿ ಪ್ರೋಗ್ರಾಂ ಸುಮ್ಮನಾಗುತ್ತೆ. ಆದರೆ ಎನ್‌ಕ್ರಿಪ್ಟ್ ಮಾಡಬೇಕು ಅಂದ ತಕ್ಷಣ ಇದು ಕೆಡುತ್ತೆ. ಯಾಕಂದ್ರೆ ಎನ್‌ಕ್ರಿಪ್ಶನ್ ನಡೆಯೋದು ಪ್ರೋಗ್ರಾಂ ಒಳಗಿನ ಲೈಬ್ರರಿಯಲ್ಲಿ, ಹಾಗಾಗಿ ಡೇಟಾ ಮತ್ತೆ ಅಲ್ಲಿಗೇ ಬರಬೇಕು.

ನೆಟ್‌ಫ್ಲಿಕ್ಸ್ ಎಂಜಿನಿಯರುಗಳು ಫ್ರೀಬಿಎಸ್‌ಡಿಯಲ್ಲಿ ಏನು ಮಾಡಿದರು ಗೊತ್ತಾ? ಎನ್‌ಕ್ರಿಪ್ಶನ್ನನ್ನೇ ಕರ್ನಲ್ ಒಳಗೆ ಎಳೆದುಕೊಂಡರು. ಕೈಕುಲುಕುವ ಮೊದಲ ಹಂತ, ಅಂದ್ರೆ ಹ್ಯಾಂಡ್‌ಶೇಕ್, ಪ್ರೋಗ್ರಾಂನಲ್ಲೇ ನಡೆಯುತ್ತೆ. ಆ ಸಂಪರ್ಕದ ಮಟ್ಟಿಗೆ ಹುಟ್ಟಿದ ಕೀಗಳನ್ನು ಮಾತ್ರ ಕರ್ನಲ್‌ಗೆ ಒಪ್ಪಿಸ್ತಾರೆ, ಉಳಿದ ಗೂಢಲಿಪಿ ಕೆಲಸ ಕರ್ನಲ್ ನೋಡಿಕೊಳ್ಳುತ್ತೆ. ಸೆಂಡ್‌ಫೈಲ್ ಮತ್ತೆ ಕೆಲಸಕ್ಕೆ ಬಂತು.

ಅಲ್ಲಿಗೂ ಬಿಡಲಿಲ್ಲ. ಒಂದೇ ಸರ್ವರಿನಿಂದ ಸೆಕೆಂಡಿಗೆ 400 ಗಿಗಾಬಿಟ್ ಕಳಿಸಬೇಕು ಅನ್ನೋ ಗುರಿ ಇಟ್ಟುಕೊಂಡಾಗ ಲೆಕ್ಕ ಹೀಗಾಯ್ತು. ನಾನೂರು ಗಿಗಾಬಿಟ್ ಅಂದ್ರೆ 50 ಗಿಗಾಬೈಟ್. ಡಿಸ್ಕಿನಿಂದ ಮೆಮೊರಿಗೆ ಒಂದು ಸಲ, ಎನ್‌ಕ್ರಿಪ್ಟ್ ಮಾಡಲು ಸಿಪಿಯು ಓದೋದು ಒಂದು ಸಲ, ಮಾಡಿದ್ದನ್ನು ಬರೆಯೋದು ಒಂದು ಸಲ, ನೆಟ್‌ವರ್ಕ್ ಕಾರ್ಡ್ ಓದೋದು ಒಂದು ಸಲ. ಹೀಗೆ ಪ್ರತಿ ಬೈಟೂ ನಾಲ್ಕು ಸಲ ಮೆಮೊರಿಯ ಬಾಗಿಲು ದಾಟುತ್ತೆ. ಒಟ್ಟು ಸೆಕೆಂಡಿಗೆ 200 ಗಿಗಾಬೈಟ್. ಆ ಮಷೀನಿನ ಮೆಮೊರಿ ತಾಳುತ್ತಿದ್ದದ್ದು ಸುಮಾರು 150. ಸಿಪಿಯು ಎಷ್ಟೇ ಚುರುಕಾಗಿದ್ದರೂ ಪ್ರಯೋಜನ ಇಲ್ಲ, ಬಾಗಿಲೇ ಕಿರಿದು. ಆಗ ಎನ್‌ಕ್ರಿಪ್ಶನ್ನನ್ನು ನೆಟ್‌ವರ್ಕ್ ಕಾರ್ಡಿಗೇ ವಹಿಸಿದರು. ನಾಲ್ಕು ಓಡಾಟ ಎರಡಾಯ್ತು, 200 ಹೋಗಿ 100 ಆಯ್ತು. 2021ರಲ್ಲಿ ಡ್ರೂ ಗ್ಯಾಲಟಿನ್ ಇದನ್ನು ಯೂರೋಬಿಎಸ್‌ಡಿಕಾನ್ ಸಮ್ಮೇಳನದಲ್ಲಿ ವಿವರಿಸಿದ್ದಾರೆ. ಪರ್ಫಾರ್ಮೆನ್ಸ್ ಕೆಲಸ ಅಂದ್ರೆ ಇದು ನೋಡಿ. ಯಾವ ಮ್ಯಾಜಿಕ್ ಫ್ಲ್ಯಾಗೂ ಇಲ್ಲ. ಒಂದು ಬೈಟ್ ಎಷ್ಟು ಸಲ ಓಡಾಡುತ್ತೆ ಅಂತ ಎಣಿಸೋದು, ಅಷ್ಟೇ.

ಈಗ ಓಪನ್‌ಬಿಎಸ್‌ಡಿ ಕಡೆ ಬನ್ನಿ. ಅಲ್ಲಿ ಸೆಂಡ್‌ಫೈಲೇ ಇಲ್ಲ. ಟಿಎಲ್‌ಎಸ್ ಕರ್ನಲ್ ಒಳಗೆ ಬರೋ ಮಾತೂ ಇಲ್ಲ. ಅವರು ಹೋದದ್ದು ಪೂರ್ತಿ ಎದುರು ದಿಕ್ಕಿಗೆ: ಕೆಲಸವನ್ನು ಒಡೆದು ಒಡೆದು ಬೇರೆ ಬೇರೆ ಪ್ರೋಸೆಸ್‌ಗಳಿಗೆ ಹಂಚೋದು. ಅವರ ಮೇಲ್ ಸರ್ವರಿನಲ್ಲಿ ಖಾಸಗಿ ಕೀ ಒಂದು ಪ್ರತ್ಯೇಕ ಪ್ರೋಸೆಸ್‌ನಲ್ಲಿ ಇರುತ್ತೆ. ಹೊರಗಿನ ಜಗತ್ತಿನ ಜೊತೆ ಮಾತಾಡೋ ಪ್ರೋಸೆಸ್‌ಗೆ ಆ ಕೀ ಕಾಣೋದೇ ಇಲ್ಲ, "ಇದಕ್ಕೆ ಸಹಿ ಹಾಕಿಕೊಡು" ಅಂತ ಪಕ್ಕದ ಕೋಣೆಗೆ ಚೀಟಿ ಕಳಿಸುತ್ತೆ. ಹೊರಗಿನ ಕೋಣೆಗೆ ಕಳ್ಳ ನುಗ್ಗಿದರೂ ಬೀಗದ ಕೈ ಸಿಗಬಾರದು ಅನ್ನೋದು ಯೋಚನೆ. ಪ್ರತಿ ಚೀಟಿಗೂ ಒಂದು ಕಾಂಟೆಕ್ಸ್ಟ್ ಸ್ವಿಚ್, ಒಂದಿಷ್ಟು ಕಾಪಿ. ಅದು ಅವರಿಗೆ ಗೊತ್ತಿಲ್ಲ ಅಂತಲ್ಲ. ಆ ಬೆಲೆ ಕೊಡಲು ಒಪ್ಪಿದ್ದಾರೆ.

ಒಬ್ಬರು ಗೋಡೆ ತೆಗೆದು ದಾರಿ ಹತ್ತಿರ ಮಾಡಿದರು. ಇನ್ನೊಬ್ಬರು ಗೋಡೆ ಎಬ್ಬಿಸಿ ದಾರಿ ಉದ್ದ ಮಾಡಿದರು. "ವೇಗವೂ ಬೇಕು, ಭದ್ರತೆಯೂ ಬೇಕು, ಎರಡೂ ಪೂರ್ತಿ ಬೇಕು" ಅನ್ನೋ ಮ್ಯಾನೇಜರಿಗೆ ಈ ಒಂದು ಉದಾಹರಣೆ ತೋರಿಸಿ ಸಾಕು.

ಹೈಪರ್‌ಥ್ರೆಡಿಂಗ್ ಕಥೆ

ಇದು ನನಗೆ ಬಹಳ ಇಷ್ಟವಾದ ಕಥೆ, ಯಾಕಂದ್ರೆ ಇದರಲ್ಲಿ ಇಬ್ಬರೂ ಅಣ್ಣತಮ್ಮಂದಿರು ಒಂದೇ ಜಾಗಕ್ಕೆ ಬೇರೆ ಬೇರೆ ಕಾಲದಲ್ಲಿ ಬಂದು ನಿಂತರು.

ಹೈಪರ್‌ಥ್ರೆಡಿಂಗ್ ಅಂದ್ರೆ ಒಂದೇ ಕೋರನ್ನು ಎರಡು ಅಂತ ತೋರಿಸೋದು. ಒಂದು ಥ್ರೆಡ್ ಮೆಮೊರಿಗೆ ಕಾಯ್ತಿದ್ದಾಗ ಇನ್ನೊಂದು ಕೆಲಸ ಮಾಡುತ್ತೆ. ಆದರೆ ಇಬ್ಬರದೂ ಒಂದೇ ಕ್ಯಾಶ್. ಮುಂಬೈನಲ್ಲಿ ಚಾಳ್‌ನಲ್ಲಿ ಇದ್ದವರಿಗೆ ಹೇಳಬೇಕಿಲ್ಲ: ಅಡುಗೆಮನೆ ಒಂದೇ ಆದರೆ ಪಕ್ಕದವರು ಏನು ತಿಂದರು ಅಂತ ಪಾತ್ರೆ ನೋಡಿಯೇ ತಿಳಿಯುತ್ತೆ. 2005ರಲ್ಲಿ ಕಾಲಿನ್ ಪರ್ಸಿವಲ್ ಅನ್ನೋ ಫ್ರೀಬಿಎಸ್‌ಡಿ ಡೆವಲಪರ್ ಇದನ್ನೇ ಮಾಡಿ ತೋರಿಸಿದರು: ಒಂದೇ ಕೋರಿನ ಪಕ್ಕದ ಥ್ರೆಡ್‌ನಲ್ಲಿ ಕೂತು, ಕ್ಯಾಶ್‌ನ ಸಮಯ ಅಳೆದು, ಓಪನ್‌ಎಸ್‌ಎಸ್‌ಎಲ್ ಬಳಸುತ್ತಿದ್ದ ಆರ್‌ಎಸ್‌ಎ ಕೀಯ ಸುಳಿವು ಹಿಡಿಯಬಹುದು ಅಂತ. ಆಗ ಫ್ರೀಬಿಎಸ್‌ಡಿ ಹೈಪರ್‌ಥ್ರೆಡಿಂಗನ್ನು ಡೀಫಾಲ್ಟ್ ಆಗಿ ಆರಿಸಿತು. ವರ್ಷಗಳು ಕಳೆದ ಮೇಲೆ ಮತ್ತೆ ಹೊತ್ತಿಸಿತು, ಇವತ್ತು ಅದು ಆನ್ ಆಗಿಯೇ ಬರುತ್ತೆ.

2018ರ ಜನವರಿಯಲ್ಲಿ ಮೆಲ್ಟ್‌ಡೌನ್, ಸ್ಪೆಕ್ಟರ್ ಹೊರಬಂದವು. ದೊಡ್ಡ ಕಂಪನಿಗಳಿಗೆ ತಿಂಗಳುಗಟ್ಟಲೆ ಮುಂಚೆ ಗೊತ್ತಿತ್ತು. ಫ್ರೀಬಿಎಸ್‌ಡಿಗೆ ತಿಳಿಸಿದ್ದು 2017ರ ಡಿಸೆಂಬರ್ ಕೊನೆಗೆ, ಓಪನ್‌ಬಿಎಸ್‌ಡಿಗೆ ಹೇಳಲೇ ಇಲ್ಲ. ಅದೇ ವರ್ಷ ಜೂನ್‌ನಲ್ಲಿ ಓಪನ್‌ಬಿಎಸ್‌ಡಿ, ಇನ್ನೂ ಹೆಚ್ಚಿನ ವಿವರ ಹೊರಬರುವ ಮೊದಲೇ, ಇಂಟೆಲ್ ಮೇಲೆ ಹೈಪರ್‌ಥ್ರೆಡಿಂಗನ್ನು ಡೀಫಾಲ್ಟ್ ಆಗಿ ನಿಲ್ಲಿಸಿಬಿಟ್ಟಿತು. "ಅತಿ ಆಯ್ತು ಇವರದು" ಅಂದವರೇ ಹೆಚ್ಚು. ಆಗಸ್ಟ್‌ನಲ್ಲಿ ಫೋರ್‌ಶ್ಯಾಡೋ ಬಂತು, 2019ರ ಮೇನಲ್ಲಿ ಝಾಂಬಿಲೋಡ್ ಮತ್ತದರ ಸೋದರ ದಾಳಿಗಳು ಬಂದವು. ಒಂದೇ ಕೋರಿನ ಎರಡು ಥ್ರೆಡ್‌ಗಳ ನಡುವಿನ ಸೋರಿಕೆ ನಿಜ ಅಂತ ಎಲ್ಲರೂ ಒಪ್ಪಬೇಕಾಯ್ತು.

ಈಗ ಇದರ ಇನ್ನೊಂದು ಮುಖ. ನಿಮ್ಮ ಲ್ಯಾಪ್‌ಟಾಪ್ ನಾಲ್ಕು ಕೋರ್, ಎಂಟು ಥ್ರೆಡ್ ಆಗಿದ್ದರೆ ಓಪನ್‌ಬಿಎಸ್‌ಡಿಯಲ್ಲಿ ಕೆಲಸ ಮಾಡೋದು ನಾಲ್ಕೇ. ಇದನ್ನು ಗಮನಿಸದೆ ಯಾರೋ ಕಂಪೈಲ್ ಬೆಂಚ್‌ಮಾರ್ಕ್ ಓಡಿಸಿ "ಓಪನ್‌ಬಿಎಸ್‌ಡಿ ಸ್ಲೋ" ಅಂತ ಗ್ರಾಫ್ ಹಾಕ್ತಾರೆ. ಆ ಗ್ರಾಫ್ ಸುಳ್ಳಲ್ಲ. ಆದರೆ ಅದು ಅಳೆದದ್ದು ಒಂದು ಸ್ವಿಚ್ಚನ್ನು. ಒಂದೇ ಕಮಾಂಡಿನಿಂದ ಅದನ್ನು ಹಾಕಿಕೊಳ್ಳಬಹುದು. ನಿಮ್ಮ ಸರ್ವರಿನಲ್ಲಿ ಬೇರೆಯವರ ಕೋಡ್ ಓಡೋದೇ ಇಲ್ಲ ಅಂದ್ರೆ, ಹಾಕಿಕೊಂಡರೂ ತಪ್ಪಿಲ್ಲ ಅನ್ನೋದು ನನ್ನ ಅಭಿಪ್ರಾಯ. ಬ್ರೌಸರ್ ಓಡುವ ಮಷೀನಿನಲ್ಲಿ ಹಾಕಬೇಡಿ. ಬ್ರೌಸರ್ ಅಂದ್ರೇನೆ ಬೇರೆಯವರ ಕೋಡ್ ಓಡಿಸೋ ಯಂತ್ರ.

ಹಾಗಂತ ಓಪನ್‌ಬಿಎಸ್‌ಡಿ ನಿಧಾನ ಇರೋದು ಈ ಸ್ವಿಚ್ಚಿನಿಂದ ಮಾತ್ರ ಅಂತಲ್ಲ. ಬಹುಕೋರ್ ಕೆಲಸದಲ್ಲಿ ಅದು ಫ್ರೀಬಿಎಸ್‌ಡಿಗಿಂತ ನಿಜಕ್ಕೂ ಹಿಂದಿದೆ. ಕರ್ನಲ್‌ಗೆ ಒಂದೇ ದೊಡ್ಡ ಬೀಗ, ಒಳಗೆ ಒಂದು ಸಲಕ್ಕೆ ಒಬ್ಬರು ಅನ್ನೋ ಪದ್ಧತಿಯನ್ನು ಫ್ರೀಬಿಎಸ್‌ಡಿ 2003ರ 5.0 ಆವೃತ್ತಿಯಿಂದ ಒಡೆಯತೊಡಗಿತು. ಆ ಕೆಲಸ ಎಷ್ಟು ಕಷ್ಟ ಆಯ್ತು ಅಂದ್ರೆ 5ರ ಸರಣಿಗೆ ಕೆಟ್ಟ ಹೆಸರೇ ಬಂತು. ಮ್ಯಾಟ್ ಡಿಲನ್ ಬೇರೆ ಹೋದದ್ದೂ ಆ ಭಿನ್ನಾಭಿಪ್ರಾಯದಲ್ಲೇ. 2008ರ 7.0 ಬರೋ ಹೊತ್ತಿಗೆ ಫಲ ಕಾಣಿಸಿತು. ಓಪನ್‌ಬಿಎಸ್‌ಡಿಯಲ್ಲಿ ಆ ಬೀಗವನ್ನು ಇತ್ತೀಚಿನ ವರ್ಷಗಳಲ್ಲಿ ಒಂದೊಂದೇ ಭಾಗವಾಗಿ ಬಿಡಿಸ್ತಿದ್ದಾರೆ. ಪಿಎಫ್ ಫೈರ್‌ವಾಲನ್ನೇ ನೋಡಿ. 2001ರಲ್ಲಿ ಹುಟ್ಟಿದ್ದು ಓಪನ್‌ಬಿಎಸ್‌ಡಿಯಲ್ಲಿ. ಫ್ರೀಬಿಎಸ್‌ಡಿ ಅದನ್ನು ತಂದು, ಹಲವು ಕೋರುಗಳ ಮೇಲೆ ಓಡುವಂತೆ ಬಿಚ್ಚಿ ಕಟ್ಟಿತು. ಅಷ್ಟರಲ್ಲಿ ಓಪನ್‌ಬಿಎಸ್‌ಡಿ ನಿಯಮ ಬರೆಯುವ ವ್ಯಾಕರಣವನ್ನೇ ಬದಲಾಯಿಸಿತು. ಇವತ್ತು ಒಂದರ ನಿಯಮಗಳ ಫೈಲನ್ನು ಇನ್ನೊಂದಕ್ಕೆ ಹಾಗೇ ಎತ್ತಿ ಹಾಕಿದರೆ ಓಡೋದಿಲ್ಲ. ಹೆಸರು ಒಂದೇ ಅಂತ ನಂಬಿ ಹೋಗಬೇಡಿ.

ಬಗ್ ಇದ್ದರೂ ಅನಾಹುತ ಆಗಬಾರದು

ಓಪನ್‌ಬಿಎಸ್‌ಡಿಯ ವೆಬ್‌ಸೈಟ್ ಮೇಲೆ ಒಂದು ಜಂಬದ ಸಾಲಿದೆ: ಡೀಫಾಲ್ಟ್ ಇನ್‌ಸ್ಟಾಲ್‌ನಲ್ಲಿ ಇಷ್ಟು ಕಾಲದಲ್ಲಿ ದೂರದಿಂದ ನುಗ್ಗಬಹುದಾದ ತೂತು ಎರಡೇ ಎರಡು. ಒಂದು 2002ರದ್ದು, ಓಪನ್‌ಎಸ್‌ಎಸ್‌ಎಚ್‌ನಲ್ಲಿ. ಇನ್ನೊಂದು 2007ರದ್ದು, ಐಪಿವಿ6 ಕೋಡಿನಲ್ಲಿ. ಮಾತು ನಿಜ. ಆದರೆ ಅದರ ಭಾರವೆಲ್ಲ ನಿಂತಿರೋದು "ಡೀಫಾಲ್ಟ್ ಇನ್‌ಸ್ಟಾಲ್" ಅನ್ನೋ ಎರಡು ಪದದ ಮೇಲೆ. ಇನ್‌ಸ್ಟಾಲ್ ಆದ ಕೂಡಲೇ ಅಲ್ಲಿ ಹೊರಗೆ ಕಿವಿಗೊಟ್ಟು ಕೂತಿರೋ ಸೇವೆಗಳೇ ತೀರಾ ಕಡಿಮೆ. 2020ರ ಜನವರಿಯಲ್ಲಿ ಕ್ವಾಲಿಸ್ ಸಂಶೋಧಕರು ಅವರದೇ ಮೇಲ್ ಸರ್ವರ್ ಓಪನ್‌ಎಸ್‌ಎಂಟಿಪಿಡಿಯಲ್ಲಿ ರೂಟ್ ಅಧಿಕಾರದಲ್ಲಿ ಕಮಾಂಡ್ ಓಡಿಸಬಹುದಾದ ಬಗ್ ತೋರಿಸಿದರು. ಡೀಫಾಲ್ಟ್‌ನಲ್ಲಿ ಅದು ಮಷೀನಿನ ಒಳಗಿನಿಂದ ಮಾತ್ರ ಕೇಳಿಸಿಕೊಳ್ಳುತ್ತೆ, ಹಾಗಾಗಿ ಲೆಕ್ಕ ಎರಡರಲ್ಲೇ ನಿಂತಿತು. ಆದರೆ ನಿಜವಾಗಿ ಮೇಲ್ ಸರ್ವರ್ ನಡೆಸುತ್ತಿದ್ದವನಿಗೆ ಆ ಲೆಕ್ಕದಿಂದ ಏನು ಸಮಾಧಾನ?

ಹಾಗಾದರೆ ಓಪನ್‌ಬಿಎಸ್‌ಡಿಯ ನಿಜವಾದ ಬಲ ಎಲ್ಲಿದೆ? ಬಗ್ ಇರೋದಿಲ್ಲ ಅನ್ನೋದರಲ್ಲಿ ಅಲ್ಲ. ಬಗ್ ಇದ್ದರೂ ಅದು ದಾಳಿಯಾಗಿ ಬೆಳೆಯದಂತೆ ಮೊದಲೇ ಹಾಕಿಟ್ಟ ಅಡ್ಡಗಟ್ಟೆಗಳಲ್ಲಿ ಇದೆ.

2024ರ ಜುಲೈ 1ರಂದು ಹೊರಬಂದ ರಿಗ್ರೆಶನ್ ಅನ್ನೋ ಓಪನ್‌ಎಸ್‌ಎಸ್‌ಎಚ್ ತೂತು ನೆನಪಿದೆಯಾ? ಅವತ್ತು ನಿಮ್ಮಲ್ಲಿ ಎಷ್ಟು ಜನ ರಾತ್ರಿ ಕೂತು ಪ್ಯಾಚ್ ಹಾಕಿದಿರೋ. ಲಾಗಿನ್ ಆಗದೆ ಸಮಯ ಮೀರಿದಾಗ ಸರ್ವರ್‌ಗೆ ಒಂದು ಸಿಗ್ನಲ್ ಬರುತ್ತೆ. ಆ ಸಿಗ್ನಲ್ ಹ್ಯಾಂಡ್ಲರ್ ಒಳಗಿನಿಂದ ಲಾಗ್ ಬರೆಯೋ ಸಿಸ್‌ಲಾಗ್ ಫಂಕ್ಷನ್ ಕರೀತಾರೆ. ಲಿನಕ್ಸ್‌ನ ಜಿಲಿಬ್‌ಸಿಯಲ್ಲಿ ಆ ಫಂಕ್ಷನ್ ಒಳಗೆ ಮೆಮೊರಿ ಕೇಳುತ್ತೆ, ಅಂದ್ರೆ ಮಾಲಕ್ ಕರೆಯುತ್ತೆ. ಮಾಲಕ್ ಅರ್ಧ ಕೆಲಸದಲ್ಲಿರುವಾಗಲೇ ಸಿಗ್ನಲ್ ಬಂದು ಮತ್ತೆ ಮಾಲಕ್‌ಗೆ ಹೋದರೆ ಮೆಮೊರಿ ಕಲಸಿಹೋಗುತ್ತೆ. 32 ಬಿಟ್ ಮಷೀನಿನಲ್ಲಿ ಸರಾಸರಿ ಹತ್ತು ಸಾವಿರ ಪ್ರಯತ್ನಕ್ಕೆ ಒಮ್ಮೆ ರೂಟ್ ಸಿಕ್ಕಿತು ಅಂತ ಕ್ವಾಲಿಸ್ ವರದಿ ಹೇಳಿತು. ಇದು 2006ರಲ್ಲಿ ಮುಚ್ಚಿದ್ದ ತೂತು, 2020ರ ಒಂದು ಬದಲಾವಣೆಯಲ್ಲಿ ಮತ್ತೆ ತೆರೆದುಕೊಂಡಿತ್ತು.

ಆ ಕೋಡ್ ಓಪನ್‌ಬಿಎಸ್‌ಡಿ ಜನರದ್ದೇ. ಆದರೆ ಓಪನ್‌ಬಿಎಸ್‌ಡಿ ಮಷೀನುಗಳಿಗೆ ಏನೂ ಆಗಲಿಲ್ಲ. ಯಾಕಂದ್ರೆ ಸಿಗ್ನಲ್ ಹ್ಯಾಂಡ್ಲರ್ ಒಳಗಿನಿಂದಲೂ ಧೈರ್ಯವಾಗಿ ಕರೆಯಬಹುದಾದ ಸಿಸ್‌ಲಾಗ್ ಒಂದನ್ನು ಅವರು 2001ರಲ್ಲೇ ಬರೆದಿಟ್ಟಿದ್ದರು. ಇಪ್ಪತ್ತಮೂರು ವರ್ಷ ಯಾರ ಕಣ್ಣಿಗೂ ಬೀಳದೆ ಕೂತಿದ್ದ ಒಂದು ಫಂಕ್ಷನ್. ಇದನ್ನು ಯಾವ ಬೆಂಚ್‌ಮಾರ್ಕ್ ಗ್ರಾಫಿನಲ್ಲಿ ತೋರಿಸ್ತೀರಿ?

ಇಂಥ ಅಡ್ಡಗಟ್ಟೆಗಳು ಅಲ್ಲಿ ಬಹಳ ಇವೆ. 2003ರ 3.3 ಆವೃತ್ತಿಯಿಂದ ಮೆಮೊರಿಯ ಒಂದು ಪುಟ ಬರೆಯೋಕಾಗಲಿ ಓಡಿಸೋಕಾಗಲಿ, ಎರಡಕ್ಕೂ ಒಟ್ಟಿಗೆ ಅಲ್ಲ ಅನ್ನೋ ನಿಯಮ. ಪ್ರತಿ ಬೂಟ್‌ಗೂ ಕರ್ನಲ್ ಒಳಗಿನ ತುಂಡುಗಳನ್ನು ಹೊಸ ಕ್ರಮದಲ್ಲಿ ಜೋಡಿಸೋದು 2017ರಿಂದ. ಅವರ ಮಾಲಕ್ ಬೇಕಂತಲೇ ವಿಳಾಸಗಳನ್ನು ಚದುರಿಸುತ್ತೆ, ಬಿಟ್ಟ ಮೆಮೊರಿ ಮುಟ್ಟಿದರೆ ಪ್ರೋಗ್ರಾಂ ಅಲ್ಲೇ ಬೀಳುವ ಸಾಧ್ಯತೆ ಹೆಚ್ಚಿಸುತ್ತೆ. ನಿಧಾನ ಹೌದು. ಆದರೆ ಲಿನಕ್ಸ್‌ನಲ್ಲಿ ವರ್ಷಗಟ್ಟಲೆ "ಚೆನ್ನಾಗೇ" ಓಡ್ತಿದ್ದ ನಿಮ್ಮ ಸಿ ಪ್ರೋಗ್ರಾಂ ಅಲ್ಲಿ ಮೊದಲ ದಿನವೇ ಬಿದ್ದರೆ, ಬಯ್ಯಬೇಡಿ. ಬಗ್ ನಿಮ್ಮದೇ.

ಪ್ರೋಗ್ರಾಂಗಳಿಗೆ ಕಡಿವಾಣ ಹಾಕೋದರಲ್ಲಿ ಎರಡೂ ಮನೆಗಳ ಸ್ವಭಾವ ಚೆನ್ನಾಗಿ ಕಾಣುತ್ತೆ. ಫ್ರೀಬಿಎಸ್‌ಡಿಯಲ್ಲಿ 2012ರ 9.0ಯಲ್ಲಿ ಕ್ಯಾಪ್ಸಿಕಮ್ ಬಂತು, ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧನೆಯ ಫಲ. ಒಂದು ಸಲ ಒಳಗೆ ಹೋದರೆ ಪ್ರೋಗ್ರಾಂಗೆ ಫೈಲ್ ಹೆಸರುಗಳ ಜಗತ್ತೇ ಇಲ್ಲ, ಮೊದಲೇ ತೆರೆದು ಕೈಗೆ ಕೊಟ್ಟ ಫೈಲುಗಳು ಮಾತ್ರ. ಎಂಟೆಕ್‌ನಲ್ಲಿ ಓದಿದಾಗ ಎಷ್ಟು ಸೊಗಸಾಗಿದೆ ಅನ್ನಿಸಿತ್ತು, ಈಗಲೂ ಅನ್ನಿಸುತ್ತೆ. ತೊಂದರೆ ಏನಂದ್ರೆ ಹಳೆ ಪ್ರೋಗ್ರಾಂ ಒಂದನ್ನು ಇದಕ್ಕೆ ಹೊಂದಿಸಲು ಅದರ ರಚನೆಯನ್ನೇ ತಿದ್ದಬೇಕು. ಓಪನ್‌ಬಿಎಸ್‌ಡಿಯ ಪ್ಲೆಜ್ 2016ರ 5.9ರಲ್ಲಿ ಬಂತು. ಅದು ಒಂದು ಸಾಲು: "ಇನ್ನು ಮುಂದೆ ನಾನು ಓದ್ತೀನಿ, ಬರೀತೀನಿ, ನೆಟ್‌ವರ್ಕ್ ಮುಟ್ಟಲ್ಲ" ಅಂತ ಆಣೆ. ಆಣೆ ಮುರಿದರೆ ಕರ್ನಲ್ ಅಲ್ಲೇ ಮುಗಿಸಿಬಿಡುತ್ತೆ. ತಾತ್ವಿಕವಾಗಿ ಕ್ಯಾಪ್ಸಿಕಮ್ಮಿನಷ್ಟು ಬಿಗಿ ಅಲ್ಲ. ಆದರೆ ಸುಲಭ ಆದ್ದರಿಂದ ಮೂಲ ವ್ಯವಸ್ಥೆಯ ಬಹುಪಾಲು ಪ್ರೋಗ್ರಾಂಗಳಿಗೆ ಹಾಕಿ ಮುಗಿಸಿದ್ದಾರೆ. ಬಳಕೆಯಲ್ಲಿರೋ ಒರಟು ಬೀಗ, ಪೆಟ್ಟಿಗೆಯಲ್ಲಿರೋ ನಯವಾದ ಬೀಗಕ್ಕಿಂತ ಮೇಲು ಅನ್ನೋ ಪಕ್ಷ ನನ್ನದು. ಇದರ ಜೊತೆಗಾರ ಅನ್‌ವೇಲ್, ಪ್ರೋಗ್ರಾಂಗೆ ಯಾವ ಡೈರೆಕ್ಟರಿ ಕಾಣಬೇಕು ಅಂತ ನಿಗದಿ ಮಾಡುತ್ತೆ. ಅಲ್ಲಿ ಬ್ರೌಸರಿನಿಂದ ರೆಸ್ಯೂಮೆ ಅಪ್‌ಲೋಡ್ ಮಾಡಲು ಹೋದವರು "ಡಾಕ್ಯುಮೆಂಟ್ಸ್ ಫೋಲ್ಡರ್ರೇ ಕಾಣ್ತಿಲ್ಲ" ಅಂತ ಗಾಬರಿ ಆಗ್ತಾರೆ. ಕಾಣೋದು ಡೌನ್‌ಲೋಡ್ಸ್ ಮಾತ್ರ. ಅದು ಕೆಟ್ಟಿಲ್ಲ, ಕೆಲಸ ಮಾಡ್ತಿದೆ.

ಫ್ರೀಬಿಎಸ್‌ಡಿಗೆ ಭದ್ರತೆ ಗೊತ್ತಿಲ್ಲ ಅಂತ ಯಾರೂ ತಿಳಿಯಬೇಡಿ. ಡಾಕರ್ ಹೆಸರು ಕೇಳುವ ಎಷ್ಟೋ ಮುಂಚೆ, 2000ದ 4.0 ಆವೃತ್ತಿಯಲ್ಲಿ ಜೈಲ್ ಬಂದಿತ್ತು. ಕಂಟೇನರ್ ಯೋಚನೆಯ ಹಿರಿಯಣ್ಣ ಅದು. ಆದರೆ ಅವರ ಡೀಫಾಲ್ಟ್‌ಗಳು ಹೊಂದಾಣಿಕೆ ಕಡೆ ವಾಲುತ್ತವೆ. ಪ್ರೋಗ್ರಾಂ ವಿಳಾಸಗಳನ್ನು ಕಲಸುವ ಎಎಸ್‌ಎಲ್‌ಆರ್, 64 ಬಿಟ್ ಪ್ರೋಗ್ರಾಂಗಳಿಗೆ ಡೀಫಾಲ್ಟ್ ಆಗಿ ಆನ್ ಆದದ್ದು 2023ರ 13.2ರಲ್ಲಿ. ಓಪನ್‌ಬಿಎಸ್‌ಡಿ ಅದನ್ನು ಸುಮಾರು ಎರಡು ದಶಕ ಮೊದಲೇ ಮಾಡಿತ್ತು. ವೈರ್‌ಗಾರ್ಡ್ ವಿಷಯವೂ ಹಾಗೇ. ಓಪನ್‌ಬಿಎಸ್‌ಡಿ ಕರ್ನಲ್‌ಗೆ 2020ರ ಅಕ್ಟೋಬರ್‌ನಲ್ಲಿ ಬಂತು. ಫ್ರೀಬಿಎಸ್‌ಡಿ 13.0ಗೆ ಅಂತ ಸೇರಿಸಿದ್ದ ಕೋಡನ್ನು ವೈರ್‌ಗಾರ್ಡ್ ಬರೆದ ಜೇಸನ್ ಡೊನೆನ್‌ಫೆಲ್ಡ್ ನೋಡಿ ಗುಣಮಟ್ಟ ಸಾಲದು ಅಂದರು. ಬಿಡುಗಡೆಗೆ ಮೊದಲೇ ಅದನ್ನು ತೆಗೆದುಹಾಕಿ, ಹೊಸದಾಗಿ ಬರೆದ ಕೋಡನ್ನು 13.2ರಲ್ಲಿ ಕೊಟ್ಟರು. ತೆಗೆದರಲ್ಲ, ಅದಕ್ಕೆ ಮೆಚ್ಚಬೇಕು. ಆದರೆ ಅಷ್ಟು ದೂರ ಹೇಗೆ ಬಂತು ಅಂತಲೂ ಕೇಳಬೇಕು.

ಕರೆಂಟ್ ಹೋದರೆ?

ಭದ್ರತೆ ಅಂದ ಕೂಡಲೇ ನಾವೆಲ್ಲ ಹ್ಯಾಕರ್ ಕಡೆ ನೋಡ್ತೀವಿ. ಆದರೆ ಡೇಟಾ ಕೆಡದೆ ಇರೋದೂ ಭದ್ರತೆಯೇ ತಾನೆ? ಇಲ್ಲಿ ಫ್ರೀಬಿಎಸ್‌ಡಿ ಬಹಳ ಮುಂದೆ. 2008ರ 7.0ಯಿಂದ ಝಡ್‌ಎಫ್‌ಎಸ್ ಇದೆ. ಪ್ರತಿ ಬ್ಲಾಕಿಗೂ ಚೆಕ್‌ಸಮ್ ಇಟ್ಟು, ಡಿಸ್ಕ್ ಸುಳ್ಳು ಹೇಳಿದರೆ ಹಿಡಿಯುತ್ತೆ, ಇನ್ನೊಂದು ಪ್ರತಿ ಇದ್ದರೆ ಅದರಿಂದ ಸರಿ ಮಾಡುತ್ತೆ. ಕ್ಷಣದಲ್ಲಿ ಸ್ನ್ಯಾಪ್‌ಶಾಟ್. ರ‍್ಯಾನ್ಸಮ್‌ವೇರ್ ಬಂದು ಫೈಲೆಲ್ಲ ಗೂಢಲಿಪಿ ಮಾಡಿದರೆ, ಸ್ನ್ಯಾಪ್‌ಶಾಟ್ ಅಳಿಸುವಷ್ಟು ಅಧಿಕಾರ ಅದಕ್ಕೆ ಸಿಗದಿದ್ದರೆ, ನಿನ್ನೆಯ ಸ್ಥಿತಿಗೆ ಹಿಂದಿರುಗಬಹುದು. ಓಪನ್‌ಬಿಎಸ್‌ಡಿಯ ಎಫ್‌ಎಫ್‌ಎಸ್‌ಗೆ ಜರ್ನಲ್ ಕೂಡ ಇಲ್ಲ. ಪುಣೆಯಲ್ಲಿ ಗುರುವಾರ ಮೆಂಟೆನೆನ್ಸ್ ಅಂತ ಕರೆಂಟ್ ತೆಗೆದರೆ, ಮತ್ತೆ ಬೂಟ್ ಆಗುವಾಗ ಇಡೀ ಡಿಸ್ಕ್ ತಪಾಸಣೆ. ನನ್ನ ಮನೆಯ ಚಿಕ್ಕ ಫೈರ್‌ವಾಲ್ ಪೆಟ್ಟಿಗೆಯಲ್ಲಿ ಅದು ಒಂದು ಲೋಟ ಚಹಾ ಮುಗಿಯೋದರೊಳಗೆ ಆಗುತ್ತೆ, ಯಾಕಂದ್ರೆ ಅದರಲ್ಲಿ ಡೇಟಾನೇ ಇಲ್ಲ. ನಾಲ್ಕು ಟೆರಾಬೈಟ್ ಫೋಟೋ ಇಟ್ಟುಕೊಂಡು ಆ ತಪಾಸಣೆಗೆ ಕಾಯೋ ಧೈರ್ಯ ನನಗಿಲ್ಲ. ಮದುವೆ, ಗೃಹಪ್ರವೇಶದ ಫೋಟೋಗಳೆಲ್ಲ ನಾನು ಇಟ್ಟಿರೋದು ಝಡ್‌ಎಫ್‌ಎಸ್ ಮೇಲೆ.

ನೆಟ್‌ಬಿಎಸ್‌ಡಿ ಬಗ್ಗೆ ಎರಡೇ ಮಾತು. ನಾನಾ ತರದ ಹಳೆ ಹೊಸ ಪ್ರೊಸೆಸರುಗಳ ಮೇಲೆ ಓಡೋದು ಅದರ ಹೆಮ್ಮೆ, ಶುಚಿಯಾದ ಕೋಡ್ ಓದಿ ಕಲಿಯುವವರಿಗೆ ಒಳ್ಳೆ ಪಾಠಶಾಲೆ. ಆದರೆ ಕೈ ಕಡಿಮೆ, ಬಿಡುಗಡೆಗಳ ನಡುವೆ ಅಂತರ ಜಾಸ್ತಿ. 10.0 ಬಂದದ್ದು 2024ರಲ್ಲಿ. ಕೆಲಸದ ಸರ್ವರಿಗೆ ನಾನು ಹೇಳೋದಿಲ್ಲ.

ಹಾಗಾದರೆ ಯಾವುದು?

ಹೈದರಾಬಾದಿನಲ್ಲಿರೋ ಗೆಳೆಯನೊಬ್ಬ, ದಾವಣಗೆರೆ ಕಡೆಯವನು, ಈಚೆಗೆ ಫೋನ್ ಮಾಡಿದ್ದ. ಹತ್ತು ಹನ್ನೆರಡು ಜನರ ಕಂಪನಿ. ಗ್ರಾಹಕರ ಆಧಾರ್, ಪ್ಯಾನ್ ಪ್ರತಿಗಳು ಅವರ ಹತ್ತಿರ ಇರುತ್ತವೆ. "ಲೋ, ಒಂದೇ ಓಎಸ್ ಹೇಳು ಮಾರಾಯಾ, ಎರಡೆರಡು ಕಲಿಯೋಕೆ ಟೈಮ್ ಇಲ್ಲ" ಅಂದ. ನಾನು ಅವನಿಗೆ ಓಎಸ್ ಹೆಸರು ಹೇಳಲಿಲ್ಲ, ಮೂರು ಪ್ರಶ್ನೆ ಕೇಳಿದೆ. ಹೊರಗಿನವರ ಜೊತೆ ಮೊದಲು ಮಾತಾಡೋ ಮಷೀನ್ ಯಾವುದು? ಕಳೆದರೆ ನೀನು ಜೈಲಿಗೋ ಕೋರ್ಟಿಗೋ ಹೋಗೋ ಡೇಟಾ ಯಾವ ಮಷೀನಿನಲ್ಲಿದೆ? ಅಪ್‌ಗ್ರೇಡ್ ಮಾಡೋನು ಯಾರು?

ಮೊದಲ ಎರಡಕ್ಕೆ ಉತ್ತರ ಸಲೀಸು. ವಿಪಿಎನ್, ಫೈರ್‌ವಾಲ್ ಇರೋ ಬಾಗಿಲಿಗೆ ಓಪನ್‌ಬಿಎಸ್‌ಡಿ. ಅವರ ಇಂಟರ್ನೆಟ್ ಲೈನ್ ಮುನ್ನೂರು ಮೆಗಾಬಿಟ್, ಅಷ್ಟಕ್ಕೆ ಸಾಧಾರಣ ಮಿನಿ ಪಿಸಿಯೂ ಸಾಕು. ನೆಟ್‌ಫ್ಲಿಕ್ಸ್‌ನ ವೇಗ ಅವನಿಗೆ ಬೇಡವೇ ಬೇಡ. ದಾಖಲೆ ಇಡೋ ಉಗ್ರಾಣಕ್ಕೆ ಫ್ರೀಬಿಎಸ್‌ಡಿ, ಝಡ್‌ಎಫ್‌ಎಸ್, ಜೈಲ್. ಮೂರನೇ ಪ್ರಶ್ನೆಗೆ ಅವನು ಸುಮ್ಮನಾದ. ಓಪನ್‌ಬಿಎಸ್‌ಡಿ ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ಬಿಡುತ್ತೆ, ಪ್ಯಾಚ್ ಸಿಗೋದು ಈಚಿನ ಎರಡಕ್ಕೆ ಮಾತ್ರ. ಅಂದ್ರೆ ಒಂದು ವರ್ಷ ಮರೆತರೆ ನಿಮ್ಮ ಬಾಗಿಲಿಗೆ ರಿಪೇರಿ ಮಾಡೋರಿಲ್ಲ. 2019ರಿಂದ ಅಪ್‌ಗ್ರೇಡ್ ಒಂದೇ ಕಮಾಂಡ್ ಆಗಿದೆ, ನಿಜ. ಆದರೆ ಆ ಒಂದು ಕಮಾಂಡ್ ಹೊಡೆಯಲು ಒಬ್ಬ ಮನುಷ್ಯ, ಕ್ಯಾಲೆಂಡರಿನಲ್ಲಿ ಒಂದು ದಿನ ಬೇಕು. ಅದು ಇಲ್ಲದಿದ್ದರೆ, ತಂಡಕ್ಕೆ ಗೊತ್ತಿರೋ ಲಿನಕ್ಸ್ ಡಿಸ್ಟ್ರೋ ಹಾಕಿ ಆಟೋಮ್ಯಾಟಿಕ್ ಅಪ್‌ಡೇಟ್ ಇಡು ಅಂದೆ. ಪ್ಯಾಚ್ ಬೀಳದ ಓಪನ್‌ಬಿಎಸ್‌ಡಿಗಿಂತ ಪ್ಯಾಚ್ ಬೀಳೋ ಉಬುಂಟು ಮೇಲು. ಬಿಎಸ್‌ಡಿ ಅಭಿಮಾನಿಗಳು ಈ ಮಾತಿಗೆ ಕೆಳಗೆ ಬಂದು ಬಯ್ಯಬಹುದು, ಬಯ್ಯಿರಿ.

ನೀವೇ ಅಳೆದು ನೋಡಬೇಕು ಅಂತಿದ್ದರೆ ಒಂದೆರಡು ಎಚ್ಚರ. ವರ್ಚುವಲ್ ಮಷೀನಿನಲ್ಲಿ ಅಳೆದರೆ ನೀವು ಅಳೆಯೋದು ಅರ್ಧ ಹೈಪರ್‌ವೈಸರನ್ನೇ, ಹಾಗಾಗಿ ಒಂದು ಹಳೆ ಡೆಸ್ಕ್‌ಟಾಪ್ ಹುಡುಕಿ. ಹೈಪರ್‌ಥ್ರೆಡಿಂಗ್ ಎರಡರಲ್ಲೂ ಒಂದೇ ಸ್ಥಿತಿಯಲ್ಲಿ ಇಡಿ. ಹಳೆಯ ಗ್ರಾಫುಗಳನ್ನು ನಂಬಬೇಡಿ: ಸಮಯ ಕೇಳೋ ಕರೆ ಓಪನ್‌ಬಿಎಸ್‌ಡಿಯಲ್ಲಿ 2020ರ 6.8ರವರೆಗೆ ಪ್ರತಿ ಸಲ ಕರ್ನಲ್‌ಗೆ ಹೋಗಿ ಬರ್ತಿತ್ತು, ಪದೇ ಪದೇ ಸಮಯ ಕೇಳೋ ಪ್ರೋಗ್ರಾಂಗಳು ಅದರಿಂದಲೇ ತೆವಳುತ್ತಿದ್ದವು. ಮುಖ್ಯವಾಗಿ, ನಿಮ್ಮ ಸ್ವಂತ ಕೆಲಸವನ್ನೇ ಓಡಿಸಿ. ಬೇರೆಯವರ ಬೆಂಚ್‌ಮಾರ್ಕ್ ಬೇರೆಯವರ ಕನ್ನಡಕದ ಹಾಗೆ.

ಶುರು ಮಾಡೋರಿಗೆ: ಓಪನ್‌ಬಿಎಸ್‌ಡಿ ಇನ್‌ಸ್ಟಾಲರ್ ಪೂರ್ತಿ ಪ್ರಶ್ನೋತ್ತರ, ಮೌಸ್ ಇಲ್ಲ. ಬಹುತೇಕ ಪ್ರಶ್ನೆಗಳಿಗೆ ಎಂಟರ್ ಒತ್ತಿದರೆ ಸಾಕು. ಮೊದಲ ಬೂಟ್ ಆದ ಮೇಲೆ ಗೂಗಲ್‌ಗೆ ಓಡಬೇಡಿ, ಆಫ್ಟರ್‌ಬೂಟ್ ಅನ್ನೋ ಮ್ಯಾನ್ ಪೇಜ್ ತೆಗೆದು ಓದಿ, ಅದರಲ್ಲೇ ಎಲ್ಲ ಇದೆ. ಮುಂದಿನ ವಿಡಿಯೋದಲ್ಲಿ ಅದೇ ಮಷೀನಿನ ಮೇಲೆ ಪಿಎಫ್ ನಿಯಮಗಳನ್ನು ಒಂದೊಂದಾಗಿ ಬರೆಯೋಣ, ಒಂದು ಹಳೆ ಪಿಸಿ, ಎರಡು ನೆಟ್‌ವರ್ಕ್ ಕಾರ್ಡ್ ರೆಡಿ ಇಟ್ಕೊಳ್ಳಿ.